ಕೊಟ್ಟಿಗೆಯಲ್ಲಿ ಕಟ್ಟಿದ ವ್ಯಾನು

ನಮ್ಮ ಮನೆಯ ನಾಲ್ವರನ್ನೂ ಒಂದು ಇಳಿಜಾರಿನಲ್ಲಿ ಸಾವಿನ ಬಾಯಿಗೆ ದೂಡಿದವರು ಯಾರೆಂದು ಮೊದಲೇ ಹೇಳಿಬಿಡುತ್ತೇನೆ: ನಮ್ಮ ವ್ಯಾನನ್ನು ತಯಾರಿಸಿದ ಕಂಪನಿ, ಅದರ ಬಿಡಿಭಾಗಗಳನ್ನು ಚಿತ್ರದುರ್ಗದಲ್ಲಿ ಮಾರುತ್ತಿದ್ದ ಅಧಿಕೃತ ಮಳಿಗೆ, ಮತ್ತು ಇವರಿಬ್ಬರನ್ನೂ ಪ್ರಶ್ನಿಸಬೇಕಾಗಿದ್ದು ಪ್ರಶ್ನಿಸದ ಸಾರಿಗೆ ಇಲಾಖೆ. ಬ್ರೇಕಿನ ಸಿಲಿಂಡರಿನೊಳಗೆ ಕೂರುವ ಪುಟ್ಟ ರಬ್ಬರ್ ಬಟ್ಟಲುಗಳಿಗೆ ಸೀಮೆಎಣ್ಣೆ ಸೋಕಬಾರದು, ಸೋಕಿದರೆ ಅವು ಊದಿಕೊಂಡು ಬ್ರೇಕು ಕೆಡುತ್ತದೆ. ಈ ಮಾತು ಕಂಪನಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅದನ್ನು ಬಿಡಿಭಾಗದ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ ಅಚ್ಚು ಹಾಕಿತ್ತು. ಆ ಡಬ್ಬಿಯನ್ನು ಕೊಂಡ ನಮ್ಮ ಮನೆಯಲ್ಲಿ ಆ ಎರಡೂ ಭಾಷೆಗಳನ್ನು ಓದಿ ಅರ್ಥ ಮಾಡಿಕೊಳ್ಳುವವರು ಒಬ್ಬರೂ ಇರಲಿಲ್ಲ. ನಮ್ಮಂಥವರಿಗೆ ಡಬ್ಬಿಯನ್ನು ಮಾರಬಹುದು, ಎಚ್ಚರಿಕೆಯನ್ನು ಮಾತ್ರ ಕೊಡಬೇಕಾಗಿಲ್ಲ ಎಂದು ಯಾರೋ ಒಂದು ಕಚೇರಿಯಲ್ಲಿ ಕುಳಿತು ತೀರ್ಮಾನಿಸಿದ್ದರು. ಈ ಅಧ್ಯಾಯವನ್ನು ಬರೆಯಲು ನಾನು ಬದುಕಿ ಉಳಿದಿದ್ದೇನೆ ಎಂಬುದು ಆ ತೀರ್ಮಾನಕ್ಕೆ ಸಿಕ್ಕ ಕ್ಷಮೆಯಲ್ಲ.

ಹೊಳಲ್ಕೆರೆಯ ನಮ್ಮ ಮನೆಗೆ ಮುಂದೆ ಪಡಸಾಲೆ, ಅದರಾಚೆಗೆ ನಡುಮನೆ, ನಡುಮನೆಗೆ ಅಂಟಿಕೊಂಡೇ ಕೊಟ್ಟಿಗೆ. ಹಳೆಯ ಕಾಲದವರು ಎತ್ತುಗಳನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳುತ್ತಿದ್ದರಿಂದ ಕೊಟ್ಟಿಗೆಗೂ ನಡುಮನೆಗೂ ಮಧ್ಯೆ ಇದ್ದದ್ದು ಮೊಣಕಾಲೆತ್ತರದ ಒಂದು ಕಟ್ಟೆ ಮಾತ್ರ. ನಾನು ಹುಟ್ಟುವ ಹೊತ್ತಿಗೆ ಎತ್ತುಗಳು ಇರಲಿಲ್ಲ. ಅಪ್ಪ ಸಂತೆಗಳಲ್ಲಿ ಬಟ್ಟೆ ವ್ಯಾಪಾರಕ್ಕೆ ಇಳಿದಿದ್ದ. ಟವೆಲು, ಲುಂಗಿ, ಲಂಗ, ಮಕ್ಕಳ ಅಂಗಿಗಳ ಗಂಟುಗಳನ್ನು ಬಸ್ಸಿನ ಮೇಲೆ ಹೇರಿ ಹೇರಿ ಸಾಕಾಗಿ, ಹಿರಿಯೂರಿನ ಕಡೆಯ ಒಬ್ಬರಿಂದ ಹಳೆಯ ಡೀಸೆಲ್ ವ್ಯಾನೊಂದನ್ನು ತಂದಿದ್ದ. ಅದು ಬಂದ ದಿನವೇ ಕೊಟ್ಟಿಗೆಯ ಬಾಗಿಲ ಚೌಕಟ್ಟನ್ನು ಕಿತ್ತು ಅಗಲ ಮಾಡಿ ಅದನ್ನು ಒಳಗೆ ನಿಲ್ಲಿಸಿದರಂತೆ. ಹಾಗಾಗಿ ನನ್ನ ಬಾಲ್ಯದ ಊಟಗಳೆಲ್ಲ ಆ ವ್ಯಾನಿನ ಮುಖವನ್ನು ನೋಡುತ್ತಲೇ ನಡೆದವು. ಮುದ್ದೆ ಮುರಿದು ಉಪ್ಪೆಸರಿನಲ್ಲಿ ಅದ್ದುವಾಗ ಎದುರಿಗೆ ಅದರ ಎರಡು ದೀಪಗಳು. ಅದರ ಡೀಸೆಲ್ ವಾಸನೆ, ಹೊಸ ಬಟ್ಟೆಯ ಗಂಜಿಯ ವಾಸನೆ, ಅಜ್ಜಿಯ ವಿಭೂತಿಯ ವಾಸನೆ ಇವು ಮೂರೂ ಬೆರೆತದ್ದೇ ನನಗೆ ಮನೆಯ ವಾಸನೆ. ಹೊಸದುರ್ಗದ ಸಂತೆಯಲ್ಲಿ ಹೆಂಗಸರು ಲಂಗವನ್ನು ಮೂಗಿಗೆ ಹಿಡಿದು, "ಇದೇನ್ರಿ, ಉಡಾಕೋ ದೀಪ ಹಚ್ಚಾಕೋ?" ಎಂದು ಕೇಳುತ್ತಿದ್ದುದು ಸುಮ್ಮನೆ ಅಲ್ಲ.

ವ್ಯಾನು ಓಡಿಸುತ್ತಿದ್ದವಳು ಅವ್ವ. ಅವಳ ತವರು ಹಿರೇಗುಂಟನೂರು. ಅಲ್ಲಿ ಅಣ್ಣಂದಿರ ಜೊತೆ ಟ್ರ್ಯಾಕ್ಟರ್ ಹತ್ತಿ ಹೊಲ ಹೊಡೆದಿದ್ದವಳಿಗೆ ಗೇರು, ಕ್ಲಚ್ಚುಗಳು ಒಲೆ, ಒನಕೆಯಷ್ಟೇ ಸಹಜವಾಗಿದ್ದವು. ಅಪ್ಪನಿಗೆ ಮಾತ್ರ ಕೊನೆಯವರೆಗೂ ಚಾಲನೆ ಒಲಿಯಲಿಲ್ಲ. ಕಲಿಯಲು ಹೋಗಿ ಊರ ಮುಂದಿನ ಕಲ್ಲುಬೆಂಚನ್ನು ಎರಡು ತುಂಡು ಮಾಡಿದ ಮೇಲೆ ಅವನು ಒಂದು ಸಿದ್ಧಾಂತಕ್ಕೆ ಬಂದಿದ್ದ.

"ಮನುಷ್ಯಂಗೆ ಇರಾವು ಎರಡು ಕಾಲು. ಇವರು ಇಟ್ಟಿರಾವು ಮೂರು ಪೆಡಲು. ಇದು ನನ್ನ ತಪ್ಪಲ್ಲ, ಲೆಕ್ಕದ ತಪ್ಪು."

ಅಂದಿನಿಂದ ಹೆಂಡತಿ ಓಡಿಸುವುದು, ಗಂಡ ಮಾರುವುದು ಎಂದು ಸಂಸಾರ ಒಪ್ಪಂದಕ್ಕೆ ಬಂತು. ಸಂತೆಯಲ್ಲಿ ಜನ ಅಪ್ಪನನ್ನು ರೇಗಿಸುತ್ತಿದ್ದರು. ಅವನು ಅವರಿಗೇ ಒಂದೊಂದು ಟವೆಲು ಮಾರಿ ಕಳಿಸುತ್ತಿದ್ದ.

ಮನೆಯ ನಿಜವಾದ ಜಗಳ ಇದ್ದದ್ದು ಸೋಮವಾರದ ಬಗ್ಗೆ. ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಹಾಕುವುದಿಲ್ಲ. ಅದು ಬಸವಣ್ಣನ ದಿನ. ಅಂದು ಎತ್ತಿನ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಹೊಟ್ಟೆ ತುಂಬ ತಿನ್ನಿಸಿ ಬಿಡಬೇಕು. ಅಜ್ಜಿ, ಅಂದರೆ ಅಪ್ಪನ ತಾಯಿ, ಈ ನೇಮವನ್ನು ವ್ಯಾನಿಗೂ ವಿಸ್ತರಿಸಿದಳು. ಸೋಮವಾರ ಅದನ್ನು ಕೊಟ್ಟಿಗೆಯಿಂದ ಆಚೆ ತೆಗೆಯುವಂತಿಲ್ಲ. ಆ ದಿನವೇ ಎರಡು ಒಳ್ಳೆಯ ಸಂತೆಗಳು ಬೀಳುತ್ತಿದ್ದುದರಿಂದ ಅಪ್ಪ ಪ್ರತಿ ವಾರವೂ ಹೊಸದಾಗಿ ಸೋಲುತ್ತಿದ್ದ.

"ಯವ್ವ, ಅದು ಎತ್ತಲ್ಲ ಕಣವ್ವ. ವ್ಯಾನು."

"ಎಲ್ಲಿ ಕಟ್ಟೀಯ ಅದನ್ನ?"

"ಕೊಟ್ಟಿಗೇಲಿ."

"ಕೊಟ್ಟಿಗೇಲಿ ಕಟ್ಟಿದ ಮ್ಯಾಲೆ ಅದೂ ಎತ್ತೇ. ವಾರವೆಲ್ಲ ನಿಮ್ಮನ್ನ ಹೊತ್ಕೊಂಡು ತಿರುಗ್ತೈತಲ್ಲ, ಒಂದಿನ ಕುಂತ್ಕಳ್ಳಿ ಬಿಡು. ನಿಂಗೆ ಬೇಕಾದ್ರೆ ಗಂಟು ನೀನೇ ಹೊತ್ಕೊಂಡು ಹೋಗು."

ಅಜ್ಜಿಯ ಈ ಹಟವೇ ನಮಗೆ ರಿಪೇರಿಯನ್ನು ಕಲಿಸಿತು. ಹೊರಡುವಂತಿಲ್ಲದ ಬಂಡಿಯನ್ನು ಬಿಚ್ಚಿ ನೋಡದೆ ಇನ್ನೇನು ಮಾಡುವುದು? ಊರಿನಲ್ಲಿ ಒಳ್ಳೆಯ ಮೇಸ್ತ್ರಿಗಳು ಇದ್ದರು. ಆದರೆ ನಮ್ಮ ವ್ಯಾನು ಕೆಡುತ್ತಿದ್ದದ್ದು ಊರಿನಲ್ಲಲ್ಲ. ಜವನಗೊಂಡನಹಳ್ಳಿಯ ಸಂತೆ ಮುಗಿಸಿ ಬರುವಾಗ, ಮುಂದೆ ಹಿಂದೆ ಒಂದು ದೀಪವೂ ಕಾಣದ ಕಡೆ ಅದು ನಿಲ್ಲುತ್ತಿತ್ತು. ಹಾಗೆ ನಿಂತಾಗ ಕೈಕಟ್ಟಿ ಕೂರಬಾರದೆಂದು ಅವ್ವ ಹಟ ಹಿಡಿದಳು. ಮೇಸ್ತ್ರಿ ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ನೋಡುವುದು, ಸೋಮವಾರ ಅದನ್ನೇ ಬಿಚ್ಚಿ ಜೋಡಿಸುವುದು, ಇದು ಅವಳ ಪಾಠಶಾಲೆ. ಬಿಚ್ಚಿದ ಭಾಗಗಳನ್ನು ಅವಳು ಬಿಚ್ಚಿದ ಕ್ರಮದಲ್ಲೇ ಹಳೆಯ ಸೀರೆಯ ಮೇಲೆ ಎಡದಿಂದ ಬಲಕ್ಕೆ ಇಡುತ್ತಿದ್ದಳು. ಜೋಡಿಸುವಾಗ ಬಲದಿಂದ ಎಡಕ್ಕೆ ಎತ್ತಿಕೊಳ್ಳುತ್ತಿದ್ದಳು. ಆ ಸೀರೆಯನ್ನು ದಾಟಿದವರಿಗೆ ಅಂದು ಊಟವಿಲ್ಲ. ಕ್ಲಚ್ಚಿನ ತಂತಿ ಬದಲಿಸುವುದು, ಡೀಸೆಲ್ ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿ ಬಿಡಿಸುವುದು, ನೀರಿನ ಪಂಪು ಸೋರುವುದನ್ನು ನಿಲ್ಲಿಸುವುದು, ಇವನ್ನೆಲ್ಲ ನಾನು ಮಗ್ಗಿ ಕಲಿಯುವ ವಯಸ್ಸಿನಲ್ಲೇ ಕಲಿತೆ. ನನ್ನ ಕೈ ಸಣ್ಣದಿದ್ದುದರಿಂದ ಎಂಜಿನ್ನಿನ ಇಕ್ಕಟ್ಟಿನ ನಟ್ಟುಗಳೆಲ್ಲ ನನ್ನ ಪಾಲಿಗೇ ಬರುತ್ತಿದ್ದವು. ಯಾವ ನಟ್ಟು ಎಷ್ಟು ಬಿಗಿಯಾದರೆ ಸಾಕು ಎಂದು ಮಣಿಕಟ್ಟಿಗೆ ತಿಳಿಯುವ ಆ ಕ್ಷಣದ ಸುಖವನ್ನು ಆಮೇಲೆ ಓದಿದ ಯಾವ ಪುಸ್ತಕವೂ ನನಗೆ ಅಷ್ಟು ನೇರವಾಗಿ ಕೊಟ್ಟಿಲ್ಲ.

ಇದರಲ್ಲಿ ಅಜ್ಜಿಯ ಪಾಲು ಸ್ನಾನ. ಸೋಮವಾರ ಎತ್ತಿನ ಮೈ ತೊಳೆಯಬೇಕಲ್ಲ, ಹಾಗೆಯೇ ಬಿಚ್ಚಿದ ಪ್ರತಿಯೊಂದು ಭಾಗಕ್ಕೂ ಮಜ್ಜನವಾಗಬೇಕು. ಎತ್ತುಗಳು ನೀರು ಕುಡಿಯುತ್ತಿದ್ದ ಕಲ್ಲುಬಾನಿಯಲ್ಲಿ ಸೀಮೆಎಣ್ಣೆ ಸುರಿದು, ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ಅವಳು ತೊಳೆಯುತ್ತಿದ್ದಳು. ಕಬ್ಬಿಣವೋ ಹಿತ್ತಾಳೆಯೋ ತೊಗಲೋ ರಬ್ಬರೋ ಎಂಬ ಭೇದ ಅವಳಿಗಿರಲಿಲ್ಲ. ತೊಳೆದ ಮೇಲೆ ಪ್ರತಿ ಭಾಗಕ್ಕೂ ಮೂರು ಬೆರಳಿನ ವಿಭೂತಿ. ಅವ್ವ ಅದನ್ನು ಮೆಲ್ಲಗೆ ಒರೆಸಿ ಜೋಡಿಸುತ್ತಿದ್ದಳು. ಅಜ್ಜಿ ನೋಡಿದರೂ ನೋಡದಂತೆ ಇರುತ್ತಿದ್ದಳು. ಅತ್ತೆ ಸೊಸೆಯರ ನಡುವೆ ಇಂಥ ಎಷ್ಟೋ ಕಾಣದ ಒಪ್ಪಂದಗಳಿದ್ದವು.

ಒಂದು ಸಲ ಬ್ರೇಕು ಸಡಿಲವಾಯಿತು. ಪೆಡಲು ಒತ್ತಿದರೆ ಹಿಡಿಯುವುದು ತಡ. ಬ್ರೇಕಿನ ವಿಷಯದಲ್ಲಿ ಅವ್ವ ಹುಡುಗಾಟ ಮಾಡುವವಳಲ್ಲ. ಸ್ವತಃ ಚಿತ್ರದುರ್ಗದ ಅಧಿಕೃತ ಮಳಿಗೆಗೆ ವ್ಯಾನು ಓಡಿಸಿಕೊಂಡು ಹೋದಳು, ನಾನೂ ಜೊತೆಗಿದ್ದೆ. ಮಳಿಗೆಯ ಮುಂದೆ ಹೊಸ ಗಾಡಿಗಳ ಹಬ್ಬದ ಕೊಡುಗೆಯನ್ನು ಸಾರುವ, ಗೋಡೆಯಗಲದ ಒಂದು ಫಲಕವಿತ್ತು. ಅಚ್ಚ ಕನ್ನಡದಲ್ಲಿತ್ತು, ಒಂದು ಕಾಗುಣಿತವೂ ತಪ್ಪಿರಲಿಲ್ಲ. ಒಳಗೆ ಕೌಂಟರಿನಲ್ಲಿದ್ದವನು ನಮ್ಮ ವ್ಯಾನನ್ನು ಕಿಟಕಿಯಿಂದಲೇ ನೋಡಿ ತಲೆಯಾಡಿಸಿದ.

"ಆ ಮಾಡೆಲ್ ನಿಂತೋಗೈತೆ ಅಕ್ಕ. ಅದನ್ನ ನಾವು ಸರ್ವೀಸಿಗೆ ತಗಳಲ್ಲ. ಹೊಸದು ತಗಳ್ರಿ."

"ಸರ್ವೀಸ್ ಬ್ಯಾಡ. ಬ್ರೇಕಿಂದು ರಬ್ಬರ್ ಐತಾ?"

"ಕಿಟ್ ಐತೆ."

"ಕೊಡ್ರಿ. ಹೆಂಗೆ ಹಾಕಾದು, ಏನು ನೋಡ್ಕಾಬೇಕು, ಒಂಚೂರು ಹೇಳ್ರಿ."

"ಅದೆಲ್ಲ ಟ್ರೈನಿಂಗ್ ಆದೋರಿಗೆ. ನಿಮಗೆ ಹೇಳಿದ್ರೆ ಅರ್ಥ ಆಗಲ್ಲ."

"ಆಗದಿದ್ರೆ ಇನ್ನೊಂದು ಸಲ ಕೇಳ್ತೀನಿ. ಹೇಳಿ ನೋಡ್ರಿ."

"ಡಬ್ಬಿ ಮ್ಯಾಲೆ ಎಲ್ಲ ಬರೆದೈತೆ ಅಕ್ಕ. ಓದ್ಕಳ್ರಿ."

ಅವ್ವ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಆಗ ಸರ್ಕಾರಿ ಕನ್ನಡ ಶಾಲೆಯಲ್ಲಿ ಐದನೆಯ ತರಗತಿ. ಇಂಗ್ಲಿಷಿನ ಅಕ್ಷರಗಳು ಗೊತ್ತು, ಕೂಡಿಸಿ ಸದ್ದು ಮಾಡಬಲ್ಲೆ, ಸದ್ದಿಗೆ ಅರ್ಥ ಹುಟ್ಟುತ್ತಿರಲಿಲ್ಲ. ಇದಕ್ಕೆ ನಾನು ನಾಚಿಕೊಳ್ಳುವುದಿಲ್ಲ. ನಾಲ್ಕು ಚಕ್ರದ ಬಂಡಿಯೊಂದರ ಬ್ರೇಕಿನ ಎಚ್ಚರಿಕೆಯನ್ನು ಅನುವಾದಿಸುವ ಹೊಣೆ ಐದನೆಯ ತರಗತಿಯ ಹುಡುಗಿಯದ್ದಲ್ಲ. ಹಬ್ಬದ ಕೊಡುಗೆಯನ್ನು ತಪ್ಪಿಲ್ಲದೆ ಕನ್ನಡದಲ್ಲಿ ಬರೆಸಬಲ್ಲವರು ಆ ಒಂದು ಸಾಲನ್ನೂ ಬರೆಸಬಲ್ಲವರಾಗಿದ್ದರು.

ಸೋಮವಾರ ಬಂತು. ಬ್ರೇಕು ಬಿಚ್ಚಿದ್ದಾಯಿತು. ಹೊಸ ರಬ್ಬರ್ ಬಟ್ಟಲುಗಳನ್ನು ಕಂಡ ಅಜ್ಜಿ, ಹೊಸದಾದರೇನು, ಯಾರು ಯಾರು ಮುಟ್ಟಿದ್ದಾರೋ, ಮಜ್ಜನವಿಲ್ಲದೆ ಒಳಗೆ ಹೋಗುವಂತಿಲ್ಲ ಎಂದು ಬಾನಿಗೆ ಹಾಕಿದಳು. ಕೆಲಸ ಮಧ್ಯಾಹ್ನದವರೆಗೂ ಎಳೆಯಿತು, ಅಲ್ಲಿಯವರೆಗೂ ಅವು ಸೀಮೆಎಣ್ಣೆಯಲ್ಲೇ ನೆನೆದವು. ಜೋಡಿಸುವಾಗ ಕೊಂಚ ಬಿಗಿಯಾಗಿ ಕೂತವು, ಹೊಸವಲ್ಲವೇ ಎಂದುಕೊಂಡೆವು. ಕೊಳವೆಯ ಗಾಳಿ ತೆಗೆಯುವ ಕೆಲಸದಲ್ಲಿ ಮಾತ್ರ ಅಪ್ಪನಿಗೆ ಚಾಲಕನ ಸೀಟು ಸಿಗುತ್ತಿತ್ತು. ಅವನು ಮೇಲೆ ಪೆಡಲು ಒತ್ತಿ ಹಿಡಿಯಬೇಕು, ಅವ್ವ ಕೆಳಗೆ ಮಲಗಿ ನಟ್ಟು ಸಡಿಲಿಸಿ ಗಾಳಿ ಬಿಡಬೇಕು.

"ಒತ್ರಿ!"

"ಒತ್ತೀನಿ!"

"ಹಿಡ್ಕಳ್ರಿ! ನಾ ಬಿಡು ಅನ್ನೋಗಂಟ ಬಿಡಬ್ಯಾಡ್ರಿ!"

"ಮದುವೆ ಆದಾಗಿಂದ ಅದೇ ತಾನೇ ಮಾಡ್ತಿರಾದು!"

ಕೊಟ್ಟಿಗೆಯೆಲ್ಲ ನಗು. ಆ ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದು ತಿಂದೆವು. ಬ್ರೇಕನ್ನೂ ನಾವೇ ಮಾಡಿದೆವು ಎಂಬ ಹೆಮ್ಮೆ ಒಬ್ಬೊಬ್ಬರ ಮುಖದಲ್ಲೂ ಇತ್ತು.

ಮರುದಿನ ಬೆಳಗ್ಗೆ ಹೊಸದುರ್ಗ ದಾಟಿ ಹಿರಿಯೂರಿನ ಕಡೆಗೆ ಹೊರಟೆವು. ಹಿರಿಯೂರಿನ ನೆಂಟರ ಮನೆಯಲ್ಲಿ ಇಳಿಯಬೇಕಿದ್ದ ಅಜ್ಜಿ ಹಿಂದೆ ಲಂಗದ ಗಂಟುಗಳ ನಡುವೆ ಕೂತಿದ್ದಳು. ಏರಿನಲ್ಲಿ ವ್ಯಾನು ಎಳೆಯಲಾರದೆ ಏದುಸಿರು ಬಿಟ್ಟಿತು. ಸರಕು ಹೆಚ್ಚಾಯಿತೆಂದು ಅಪ್ಪ ಹೇಳಿದ. ಚಕ್ರದ ಕಡೆಯಿಂದ ಸುಟ್ಟ ವಾಸನೆ ಬಂತು. ಯಾರೋ ಹೊಲದಲ್ಲಿ ಕೂಳೆ ಸುಡುತ್ತಿರಬೇಕೆಂದುಕೊಂಡೆವು. ಆದದ್ದೇನೆಂದು ಈಗ ವಿವರಿಸಬಲ್ಲೆ: ಊದಿಕೊಂಡ ರಬ್ಬರುಗಳು ಹಿಂದಕ್ಕೆ ಸರಿಯದೆ ಬ್ರೇಕು ಚಕ್ರಗಳನ್ನು ಹಿಡಿದೇ ಇತ್ತು, ಉಜ್ಜಿ ಉಜ್ಜಿ ಕಾದು, ಆ ಕಾವಿಗೆ ಒಳಗಿನ ಬ್ರೇಕ್ ಆಯಿಲ್ ಕುದಿದು ಹೋಗಿತ್ತು. ಏರು ಮುಗಿದು ಗುಡ್ಡದ ಇಳಿಜಾರು ಶುರುವಾದಾಗ ಅವ್ವ ಪೆಡಲು ಒತ್ತಿದಳು. ಅದು ನೆಲ ಮುಟ್ಟಿತು. ಮತ್ತೆ ಒತ್ತಿದಳು. ಮತ್ತೆ ನೆಲ. ಮುಂದೆ ತಿರುವು, ತಿರುವಿನಾಚೆ ಜನ ತುಂಬಿಕೊಂಡು ಏರುತ್ತಿದ್ದ ಬಸ್ಸು.

ಅವ್ವ ಕಿರುಚಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದಳು, ಅದೂ ಕಾದ ಚಕ್ರದ ಮೇಲೆ ಜಾರಿತು. ಗೇರನ್ನು ಕೆಳಕ್ಕೆ ಇಳಿಸಿದಳು. ಎಂಜಿನ್ನು ಅರಚಿತು, ವ್ಯಾನು ಮುಗ್ಗರಿಸಿತು, ವೇಗ ಒಂದಿಷ್ಟು ತಗ್ಗಿತು.

"ಎಲ್ಲ ಹಿಡ್ಕಳ್ರಿ. ಹೊಲಕ್ಕೆ ಹೋಗಾಣ," ಎಂದಳು, ಸಂತೆಗೆ ಹೋಗೋಣ ಎನ್ನುವಷ್ಟೇ ಮೆಲ್ಲಗೆ.

ತಿರುವಿಗೆ ಮೊದಲೇ ಎಡಕ್ಕೆ ತಿರುಗಿಸಿದಳು. ಬದು ಹಾರಿದ್ದು, ನನ್ನ ತಲೆ ಚಾವಣಿಗೆ ಬಡಿದದ್ದು, ಕಿಟಕಿಯ ತುಂಬ ಕೆಂಪು ಮಣ್ಣು ಎದ್ದದ್ದು ನೆನಪಿದೆ. ಆಗಷ್ಟೇ ಶೇಂಗಾ ಕಿತ್ತು ಉತ್ತು ಬಿಟ್ಟಿದ್ದ ಹೊಲ. ಮಣ್ಣು ಹಿಟ್ಟಿನಂತೆ ಮೆತ್ತಗಿತ್ತು. ವ್ಯಾನು ಅದರಲ್ಲಿ ಹೂತುಕೊಳ್ಳುತ್ತ, ನಿಧಾನವಾಗುತ್ತ, ಕೊನೆಗೆ ಅಚ್ಚಿನವರೆಗೂ ಇಳಿದು ನಿಂತಿತು. ಬಸ್ಸು ಮೇಲೆ ರಸ್ತೆಯಲ್ಲಿ ಹಾರ್ನ್ ಹೊಡೆದು ದಾಟಿ ಹೋಯಿತು. ಅದರೊಳಗಿದ್ದವರಿಗೆ ಏನೂ ಗೊತ್ತಾಗಲಿಲ್ಲ. ಆ ಹಾರ್ನಿನ ನಂತರದ ನಿಶ್ಶಬ್ದದಲ್ಲಿ ಅಪ್ಪ ಮೊದಲು ಅವ್ವನ ಹೆಸರು ಕರೆದ. ಅವನು ಅವಳ ಹೆಸರು ಹಿಡಿದು ಕರೆದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆಮೇಲೆ ನನ್ನದು. ಆಮೇಲೆ ತಾಯಿಯನ್ನು ಕರೆದ. ಹಿಂದಿನಿಂದ ಉತ್ತರವಿಲ್ಲ. ಗಂಟುಗಳೆಲ್ಲ ಮಗುಚಿ ಅಜ್ಜಿ ಕಾಣುತ್ತಲೇ ಇರಲಿಲ್ಲ. ಅವ್ವ ಸೀಟು ಹಾರಿ ಗಂಟುಗಳನ್ನು ಕಿತ್ತೆಸೆಯತೊಡಗಿದಳು. ಕೊನೆಗೆ ಲಂಗಗಳ ರಾಶಿಯಿಂದ ಒಂದು ಬಿಳಿತಲೆ ಎದ್ದಿತು.

"ಶಿವನೇ, ನನ್ನ ಎಲ್ಲಾದ್ರೂ ಸಾಯ್ಸು. ಮಂದಿ ಲಂಗದಾಗೆ ಮುಳುಗಿಸಿ ಸಾಯ್ಸಬ್ಯಾಡ."

ಅವ್ವ ಆಗ ಅತ್ತಳು. ಅತ್ತೆಯ ಮಡಿಲಲ್ಲಿ ಮುಖವಿಟ್ಟು ಅಳುತ್ತಲೇ ನಕ್ಕಳು. ಹೊಲದ ಯಜಮಾನ ಓಡಿ ಬಂದವನು ಉಳುಮೆಯ ಮಧ್ಯೆ ನಿಂತ ವ್ಯಾನನ್ನೂ, ಮಣ್ಣಿನ ಮೇಲೆಲ್ಲ ಹರಡಿದ ಬಣ್ಣ ಬಣ್ಣದ ಲಂಗಗಳನ್ನೂ ನೋಡಿ ಸೊಂಟದ ಮೇಲೆ ಕೈಯಿಟ್ಟ.

"ಏನಕ್ಕ, ರೋಡ್ ಸಾಲ್ಲಿಲ್ವಾ ನಿಮಗೆ?"

ಅಪ್ಪ ಹೊಲ ಕೆಟ್ಟಿತೆಂದು ಕ್ಷಮೆ ಕೇಳಲು ಹೋದ. ಆ ಮನುಷ್ಯ ಕೈಯಾಡಿಸಿ ತಡೆದ.

"ಯಾರಿಗೂ ಏನೂ ಆಗಿಲ್ವಲ್ಲ? ಅಷ್ಟು ಸಾಕು ಬಿಡ್ರಿ. ಹೊಲ ಇನ್ನೊಂದು ಸಾಲು ಹೊಡೆದ್ರೆ ಆತು. ಬರ್ರಿ, ನೀರು ಕುಡೀರಿ ಮೊದ್ಲು."

ಆ ನೀರಿನ ರುಚಿಯನ್ನು ನಾನು ಬಣ್ಣಿಸಲಾರೆ. ಬದುಕಿದ್ದೇವೆ ಎಂಬುದು ಮೈಗೆ ತಿಳಿಯುವುದು ಗಂಟಲಿನಿಂದ ಎಂದು ಮಾತ್ರ ಹೇಳಬಲ್ಲೆ. ಮಧ್ಯಾಹ್ನ ಅವನ ಎತ್ತುಗಳೇ ವ್ಯಾನನ್ನು ಎಳೆದು ರಸ್ತೆಗೆ ಹತ್ತಿಸಿದವು. ಅಲ್ಲಿಂದ ಒಂದು ಲಾರಿ ಅದನ್ನು ಎಳೆದುಕೊಂಡು ಊರಿಗೆ ತಂದಿತು.

ಮನೆಗೆ ಬಂದ ಅವ್ವ ವ್ಯಾನನ್ನು ಶಪಿಸಲಿಲ್ಲ, ಮಾರುತ್ತೇನೆಂದೂ ಹೇಳಲಿಲ್ಲ. ಬ್ರೇಕು ಬಿಚ್ಚಿ, ಊದಿ ವಿಕಾರವಾಗಿದ್ದ ರಬ್ಬರುಗಳನ್ನು ಸೀರೆಯ ಮೇಲೆ ಇಟ್ಟು ಬಹಳ ಹೊತ್ತು ನೋಡಿದಳು. ಡಬ್ಬಿಯಲ್ಲಿ ಹೆಚ್ಚುವರಿಯಾಗಿ ಉಳಿದಿದ್ದ, ತೊಳೆಯದ ಎರಡು ಬಟ್ಟಲುಗಳಲ್ಲಿ ಒಂದನ್ನು ಸೀಮೆಎಣ್ಣೆಯ ಲೋಟಕ್ಕೆ, ಇನ್ನೊಂದನ್ನು ಬ್ರೇಕ್ ಆಯಿಲಿನ ಲೋಟಕ್ಕೆ ಹಾಕಿ ಕಿಟಕಿಯಲ್ಲಿಟ್ಟಳು. ಬೆಳಗ್ಗೆ ಮೊದಲನೆಯದು ನೆನೆದ ಕಡಲೆಯಂತೆ ಊದಿತ್ತು; ಎರಡನೆಯದು ಹಾಗೇ ಇತ್ತು. ಅವಳು ಅತ್ತೆಯನ್ನು ಕರೆದು ತೋರಿಸಿದಳು. ನಾನು ಜಗಳವಾಗುತ್ತದೆಂದು ಕಾದೆ. ಅಜ್ಜಿ ಎರಡೂ ಬಟ್ಟಲುಗಳನ್ನು ಬೆರಳಿನಿಂದ ಒತ್ತಿ ನೋಡಿದಳು. ಅವಳ ಮುಖ ಕಳೆಗುಂದಿತು.

"ನನ್ನ ಕೈಯಾರೆ ನಿಮ್ಮನ್ನ ಕೊಲ್ತಿದ್ನಲ್ಲೇ."

"ನೀವಲ್ಲ ಅತ್ತೆ. ಗೊತ್ತಿದ್ದೋರು ಬಾಯಿ ಬಿಡ್ಲಿಲ್ಲ. ಕೇಳಿದ್ದೆ ನಾನು."

ಕೇಳಿದ್ದೆ ನಾನು. ನನ್ನನ್ನು ರೂಪಿಸಿದ ಮಾತು ಯಾವುದೆಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ತಪ್ಪನ್ನು ಹತ್ತಿರ ಸಿಕ್ಕವರ ತಲೆಗೆ ಕಟ್ಟದೆ, ಅದು ಹೊರಟ ಕಡೆಗೆ ಹೋಗಿ ಹುಡುಕಬೇಕು ಎಂಬುದನ್ನು ನಾನು ವಿಶ್ವವಿದ್ಯಾಲಯದ ಕಾನೂನು ತರಗತಿಯಲ್ಲಿ ಕಲಿಯಲಿಲ್ಲ. ಅತ್ತೆಯೊಬ್ಬಳನ್ನು ಸೊಸೆಯೊಬ್ಬಳು ಹೀಗೆ ಪಾರುಮಾಡಿದ್ದನ್ನು ನೋಡಿ ಕಲಿತೆ. ಮುಂದಿನ ಸೋಮವಾರದಿಂದ ಕಬ್ಬಿಣಕ್ಕೆ ಸೀಮೆಎಣ್ಣೆ, ರಬ್ಬರಿಗೆ ಅದರದ್ದೇ ಬ್ರೇಕ್ ಆಯಿಲ್ ಎಂದು ನೇಮ ಬದಲಾಯಿತು. ಅಜ್ಜಿ ಅದನ್ನು ರಬ್ಬರಿನ ತೀರ್ಥ ಎಂದು ಕರೆದು ಉದ್ಧರಣೆಯಿಂದಲೇ ಹಾಕುತ್ತಿದ್ದಳು. ನಮ್ಮ ಬ್ರೇಕು ಆಮೇಲೆ ಎಂದೂ ಕೈಕೊಡಲಿಲ್ಲ.

ವ್ಯಾನು ಈಗಲೂ ಓಡುತ್ತದೆ. ಅಜ್ಜಿ ತನ್ನ ಹಾಸಿಗೆಯಲ್ಲಿ, ತನ್ನ ಕಾಲ ಬಂದಾಗ, ನಮ್ಮೆಲ್ಲರ ನಡುವೆ ಹೋದಳು. ಲಂಗದಲ್ಲಿ ಮುಳುಗಿ ಅಲ್ಲ. ಅದಕ್ಕಾಗಿ ನಾನು ಇಂದಿಗೂ ನೆಮ್ಮದಿಯ ಉಸಿರು ಬಿಡುತ್ತೇನೆ. ಆದರೆ ಈ ನೆಮ್ಮದಿ ನಮಗೆ ಸಿಕ್ಕದ್ದು ಅವ್ವನ ಕೈಯಿಂದ ಮತ್ತು ಒಂದು ಉತ್ತ ಹೊಲದಿಂದ, ಹೊಣೆ ಹೊರಬೇಕಾಗಿದ್ದವರಿಂದಲ್ಲ. ಕಳೆದ ಬಾರಿ ಊರಿಗೆ ಹೋದಾಗ ಅದೇ ರಬ್ಬರಿನ ಹೊಸ ಡಬ್ಬಿಯೊಂದನ್ನು ನೋಡಿದೆ. ಬಣ್ಣ ಬದಲಾಗಿದೆ, ಎಚ್ಚರಿಕೆಯ ಭಾಷೆ ಬದಲಾಗಿಲ್ಲ. ಕಂಪನಿಗೆ ಬರೆದೆ, ಹತ್ತಿರದ ಅಧಿಕೃತ ಮಳಿಗೆಯನ್ನು ಸಂಪರ್ಕಿಸಿ ಎಂಬ ಮರುಮಾತು ಬಂತು. ಮಳಿಗೆಯನ್ನು ಸಂಪರ್ಕಿಸಿದೆ, ಕಂಪನಿಗೆ ಬರೆಯಿರಿ ಎಂದರು. ಇಲಾಖೆಯಲ್ಲಿ ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಬ್ರೇಕು ಅಪಾಯದ ವಸ್ತು, ತರಬೇತಿಯಿಲ್ಲದವರು ಮುಟ್ಟಬಾರದು ಎಂಬ ಉಪದೇಶವೂ ಸಿಕ್ಕಿತು. ಹಾಗಾದರೆ ಹಳೆಯ ಬಂಡಿಗಳನ್ನು ಸರ್ವೀಸಿಗೆ ತೆಗೆದುಕೊಳ್ಳುವುದನ್ನು ನಿಲ್ಲಿಸಿದವರು ಯಾರು? ಮುಟ್ಟಬಾರದವರ ಕೈಗೆ ಆ ಡಬ್ಬಿಯನ್ನು ಮಾರಿದವರು ಯಾರು?

ಆದ್ದರಿಂದ ಮೇಲೆ ಹೇಳಿದ ಮೂವರಲ್ಲೂ ಈ ಬರಹದ ಮೂಲಕ ವಿಧಿವತ್ತಾಗಿ ವಿನಂತಿಸುತ್ತೇನೆ. ಕರ್ನಾಟಕದಲ್ಲಿ ಮಾರುವ ಪ್ರತಿಯೊಂದು ಬ್ರೇಕಿನ ಬಿಡಿಭಾಗದ ಮೇಲೂ ಬಳಕೆಯ ವಿಧಾನ ಮತ್ತು ಎಚ್ಚರಿಕೆ ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಇರುವಂತೆ ಮಾಡಿ. ನಿಂತುಹೋದ ಮಾದರಿಗಳ ರಿಪೇರಿ ಕೈಪಿಡಿಗಳನ್ನು ಕೇಳಿದವರಿಗೆಲ್ಲ ಕೊಡಿ. ಕೌಂಟರಿನಲ್ಲಿ ನಿಂತು ಕೇಳಿದವರಿಗೆ ಉತ್ತರಿಸುವುದನ್ನು ನಿಮ್ಮ ಸಿಬ್ಬಂದಿಯ ಕರ್ತವ್ಯವೆಂದು ಆದೇಶಿಸಿ. ಇದುವರೆಗೆ ಏಕೆ ಮಾಡಲಿಲ್ಲ ಎಂಬುದಕ್ಕೆ ಲಿಖಿತ ವಿವರಣೆ ಕೊಡಿ. ಆ ವಿವರಣೆಯನ್ನು ನನಗೆ ಕಳಿಸಬೇಕಾಗಿಲ್ಲ. ಅಂದು ನಿಮ್ಮ ಕೌಂಟರಿನ ಮುಂದೆ ನಿಂತು ಪ್ರಶ್ನೆ ಕೇಳಿದವಳು ನನ್ನ ಅವ್ವ; ಉತ್ತರ ಸಲ್ಲಬೇಕಾದದ್ದು ಅವಳಿಗೆ. ಕನ್ನಡದಲ್ಲಿ ಬರೆಯಿರಿ. ಅವಳೇ ಓದಿಕೊಳ್ಳುತ್ತಾಳೆ.